ರಾಜೀನಾಮೆಗೆ ಸಹಿ ಹಾಕುವ ಮೊದಲು ಇದನ್ನೊಮ್ಮೆ ಓದಿ

ಅಪಘಾತದಲ್ಲಿ ಕಾಲು ಕಳೆದುಕೊಂಡವನನ್ನು ನೋಡಲು ಬಂದವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಪಾಪ, ಇನ್ನು ಇವನಿಗೆ ಕೆಲಸಕ್ಕೆ ಹೋಗ್ಲಿಕ್ಕೆ ಆಗ್ಲಿಕ್ಕಿಲ್ಲ." ಸರಕಾರಿ ನೌಕರನಾಗಿದ್ದರೆ, "ಬರೆದು ಕೊಡಿ, ಪಿಂಚಣಿಯಾದರೂ ಸಿಗ್ತದೆ" ಎನ್ನುವ ಹಿತೈಷಿಗಳೂ ಇರುತ್ತಾರೆ. ಆದರೆ ಕಾನೂನು ಹೇಳುವುದೇ ಬೇರೆ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಎಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಷ್ಟೇ ಇದ್ದವು. ಈಗ 21 ಇವೆ. ಪಾರ್ಕಿನ್ಸನ್, ತಲಸ್ಸೇಮಿಯಾ, ಆ್ಯಸಿಡ್ ದಾಳಿಯಿಂದಾದ ಹಾನಿಯೂ ಈ ಪಟ್ಟಿಯಲ್ಲಿವೆ.

ಕಾಯ್ದೆಯ 20ನೇ ಕಲಂ ಮುಖ್ಯವಾದದ್ದು. ಸೇವೆಯಲ್ಲಿರುವಾಗ ವೈಕಲ್ಯಕ್ಕೆ ಒಳಗಾದ ನೌಕರನನ್ನು ಸರಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವಂತಿಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ಸಂಬಳಕ್ಕೆ ಬೇರೆ ಹುದ್ದೆ ಕೊಡಬೇಕು. ಹುದ್ದೆ ಖಾಲಿ ಇಲ್ಲವೇ? ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇರಿಸಿಕೊಳ್ಳಬೇಕು. ಅಧಿಸೂಚನೆಯ ಮೂಲಕ ವಿನಾಯಿತಿ ಪಡೆದ ಕೆಲವು ಸಂಸ್ಥೆಗಳನ್ನು ಬಿಟ್ಟರೆ ಉಳಿದವರಿಗೆಲ್ಲ ಇದು ಅನ್ವಯ.

ಕರ್ತವ್ಯದಲ್ಲಿ ಗಾಯಗೊಂಡು ಎಡಗಾಲು ಕಳೆದುಕೊಂಡ ಕಾನ್‌ಸ್ಟೇಬಲ್ ಒಬ್ಬರ ಪ್ರಕರಣದಲ್ಲಿ, ಪಿಂಚಣಿ ಕೊಟ್ಟ ಮಾತ್ರಕ್ಕೆ ಈ ರಕ್ಷಣೆ ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿತ್ತು. 2025ರ ಆಗಸ್ಟ್‌ನಲ್ಲಿ, ಬಣ್ಣಗುರುಡಿನ ಕಾರಣಕ್ಕೆ ಕೆಲಸ ಕಳೆದುಕೊಂಡಿದ್ದ ತೆಲಂಗಾಣದ ಸರಕಾರಿ ಬಸ್ ಚಾಲಕರೊಬ್ಬರಿಗೆ ಬೇರೆ ಕೆಲಸ ಕೊಡುವಂತೆ ಅದೇ ನ್ಯಾಯಾಲಯ ಆದೇಶಿಸಿತು. ಬಸ್ ಓಡಿಸಲು ಆಗದವರಿಗೆ ಡಿಪೋದಲ್ಲಿ ಬೇರೆ ಕೆಲಸವೇ ಇಲ್ಲ ಎನ್ನಲಾಗದು ಅಲ್ವಾ?

ಕಾಯ್ದೆಯಲ್ಲಿ 'ಸೂಕ್ತ ಹೊಂದಾಣಿಕೆ' ಎಂಬ ಮಾತಿದೆ. ಗಾಲಿಕುರ್ಚಿಯವರಿಗೆ ನೆಲ ಅಂತಸ್ತಿನಲ್ಲಿ ಮೇಜು, ದೃಷ್ಟಿ ಇಲ್ಲದವರಿಗೆ ಓದಿ ಹೇಳುವ ತಂತ್ರಾಂಶ, ಡಯಾಲಿಸಿಸ್ ಇರುವವರಿಗೆ ಸಮಯದಲ್ಲಿ ಬದಲಾವಣೆ. ಸಂಸ್ಥೆಗೆ ಮಿತಿಮೀರಿದ ಹೊರೆಯಾಗದ ಇಂತಹ ಏರ್ಪಾಡನ್ನು ನಿರಾಕರಿಸುವುದೂ ತಾರತಮ್ಯವೇ.

ಖಾಸಗಿಯವರಿಗೆ 20ನೇ ಕಲಂ ಅನ್ವಯಿಸುವುದಿಲ್ಲ, ನಿಜ. ಆದರೆ ಅವರೂ ಸಮಾನ ಅವಕಾಶ ನೀತಿ ಹೊಂದಿರಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ, ಯಾವ ಹುದ್ದೆ ಸೂಕ್ತ, ಏನು ಸೌಲಭ್ಯ ಎಂಬುದನ್ನೂ ಅದರಲ್ಲಿ ಬರೆಯಬೇಕು. ಜವಳಿ ಮಳಿಗೆ, ಆಸ್ಪತ್ರೆ, ಶಾಲೆ ನಡೆಸುವ ನಮ್ಮವರು ಎಷ್ಟು ಮಂದಿ ಇದನ್ನು ಮಾಡಿದ್ದಾರೆ? ಕಾಯ್ದೆ ಉಲ್ಲಂಘಿಸಿದರೆ ಮೊದಲ ಬಾರಿ 10,000 ರೂ.ವರೆಗೆ, ಮತ್ತೆ ತಪ್ಪಿದರೆ 50,000 ರೂ.ನಿಂದ 5 ಲಕ್ಷ ರೂ.ವರೆಗೆ ದಂಡವಿದೆ.

ಸಮಸ್ಯೆ ಎದುರಾದವರು ಮಾಡಬೇಕಾದದ್ದು ಇಷ್ಟು: ಯುಡಿಐಡಿ ಕಾರ್ಡ್ ಮಾಡಿಸಿ. ಬೇಕಾದ ಅನುಕೂಲವನ್ನು ಬಾಯಿಮಾತಿನಲ್ಲಿ ಅಲ್ಲ, ಬರೆದು ಕೇಳಿ, ಸ್ವೀಕೃತಿ ಪಡೆಯಿರಿ. ಸರಕಾರಿ ಕಚೇರಿಯಾದರೆ ಅಲ್ಲಿನ ಕುಂದುಕೊರತೆ ಅಧಿಕಾರಿಗೆ, ಆಮೇಲೂ ಆಗದಿದ್ದರೆ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಿ. ರಾಜೀನಾಮೆ ಪತ್ರ ಕೊಟ್ಟ ಮೇಲೆ ಹೋರಾಟ ಕಷ್ಟ. ಕೊಡುವ ಮೊದಲು ಹಕ್ಕು ನಿಮ್ಮ ಕೈಯಲ್ಲೇ ಇರ್ತದೆ.