ಕಾಲುವೆ ಮುಚ್ಚಿದ ರಸ್ತೆಯಿಂದ ಕಾವೇರಿ ಸೇತುವೆಗೆ

"ದೇವರಾಜ ಮೊಹಲ್ಲಾದಲ್ಲಿ ಸೇತುವೆ ಎಲ್ಲುಂಟು?" ಕವಿತೆ ಓದುತ್ತಾ ಸೇತುವೆವರೆಗೆ ಹೋಗೋಣ ಎಂದಾಗ ನಮ್ಮ ಮಕ್ಕಳು ಕೇಳಿದ್ದು ಇದನ್ನೇ.

ನ್ಯೂಯಾರ್ಕಿನ ಪೊಯೆಟ್ಸ್ ಹೌಸ್ ಎಂಬ ಸಂಸ್ಥೆ ಬ್ರೂಕ್ಲಿನ್ ಸೇತುವೆಯ ಮೇಲೆ ಇಂಥ ನಡಿಗೆಯನ್ನು ಹಲವು ವರ್ಷ ನಡೆಸಿದೆ. ಸೇತುವೆ ದಾಟಿದ ಮೇಲೆ ಅಲ್ಲಿ ಓದುವುದು ವಾಲ್ಟ್ ವಿಟ್ಮನ್ ಬರೆದ ದೋಣಿಯ ಕವಿತೆ. 1883ರಲ್ಲಿ ಸೇತುವೆ ತೆರೆಯುವ ಮೊದಲು ಜನ ದೋಣಿಯಲ್ಲೇ ದಾಟುತ್ತಿದ್ದರಲ್ಲ, ಆ ಕಾಲದ ಕವಿತೆ ಅದು.

ನಮ್ಮ ಮೈಸೂರಿನಲ್ಲಿ ದಸರಾ ಬಂತೆಂದರೆ ಪುರಭವನದಿಂದ ಪಾರಂಪರಿಕ ನಡಿಗೆ ಹೊರಡುತ್ತದೆ. ಕವಿಗೋಷ್ಠಿಯೂ ಉಂಟು. ಆದರೆ ಅದು ಬೇರೆ, ಇದು ಬೇರೆ. ಎರಡನ್ನೂ ಸೇರಿಸಿ ನೋಡೋಣ ಎಂದು ಒಂದು ಭಾನುವಾರ ಬೆಳಿಗ್ಗೆ ಮನೆಮಂದಿಯೆಲ್ಲ ಹೊರಟೆವು.

ಮೊದಲು ನಿಂತದ್ದು ಸಯ್ಯಾಜಿರಾವ್ ರಸ್ತೆಯಲ್ಲಿ. ಇಲ್ಲಿ ಹಿಂದೆ ಪೂರ್ಣಯ್ಯನ ನಾಲೆ ಇತ್ತು. ಹೊಲಸು ತುಂಬಿದ್ದ ಅದನ್ನು ಮುಚ್ಚಿ, ಅದೇ ಜಾಗದಲ್ಲಿ ಈ ರಸ್ತೆ ಮಾಡಿದರು. "ಹಾಗಾದರೆ ನಾವು ನಿಂತಿರುವುದು ನಾಲೆಯ ಮೇಲೆ!" ಎಂದು ಸಣ್ಣವಳು ಕಾಲು ಎತ್ತಿದಳು. 2017ರ ದಸರಾ ಉದ್ಘಾಟಿಸಿದ ಕವಿ ಕೆ.ಎಸ್. ನಿಸಾರ್ ಅಹಮದ್ ಅವರ ಒಂದು ಕವಿತೆಯನ್ನು ಅಲ್ಲೇ ಓದಿದೆವು.

ಮುಂದೆ ದೇವರಾಜ ಮಾರುಕಟ್ಟೆಯ ಹೂವಿನ ಸಾಲು. ಅಲ್ಲಿ 1942ರ 'ಮೈಸೂರು ಮಲ್ಲಿಗೆ'ಯ ಸರದಿ. ಹೂ ಕಟ್ಟುತ್ತಿದ್ದವರೊಬ್ಬರು ಕೈ ನಿಲ್ಲಿಸಿ ಕೇಳಿದರು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದವು. 2016ರಲ್ಲಿ ಈ ಮಾರುಕಟ್ಟೆಯದೇ ಒಂದು ಭಾಗ ಬಿತ್ತು. ಇರುವಾಗಲೇ ಮಕ್ಕಳಿಗೆ ತೋರಿಸಬೇಕು ಎಂದು ನಮಗೆ ಅನಿಸಿದ್ದು ಅದಕ್ಕೇ.

ಅಲ್ಲಿಂದ ಬಸ್ಸು ಹಿಡಿದು ಶ್ರೀರಂಗಪಟ್ಟಣಕ್ಕೆ. ಟಿಪ್ಪು ಸುಲ್ತಾನ್ ಹುತಾತ್ಮರಾದ ಐದು ವರ್ಷಕ್ಕೆ, 1804ರಲ್ಲಿ, ಅದೇ ಪೂರ್ಣಯ್ಯ ಇಲ್ಲಿ ಕಾವೇರಿಗೆ ಸೇತುವೆ ಕಟ್ಟಿಸಿದರು. ಹೆಸರು ಮಾತ್ರ ಗವರ್ನರ್ ಜನರಲ್ ವೆಲ್ಲೆಸ್ಲಿಯದು. ಕಲ್ಲಿನ ಕಂಬ, ಅದರ ಮೇಲೆ ಕಲ್ಲಿನ ತೊಲೆ. ಅವರ ಹೆಸರಿನ ನಾಲೆ ರಸ್ತೆಯಾಯಿತು, ಸೇತುವೆ ಇನ್ನೂ ನಿಂತಿದೆ.

ದಡದಲ್ಲಿ ಕೂತಾಗ ಉಮ್ಮನ ಸರದಿ ಬಂತು. "ನಂಗೆ ಕವಿತೆ ಗಿವಿತೆ ಬರುವುದಿಲ್ಲ" ಎಂದವರು, ನೇತ್ರಾವತಿಯ ಕಡವಿನಲ್ಲಿ ದೋಣಿಗೆ ಕಾದ ಕಥೆ ಹೇಳುತ್ತಾ ಹೇಳುತ್ತಾ ಮದುವೆಮನೆಯ ಒಂದು ಬ್ಯಾರಿ ಹಾಡು ಎತ್ತಿದರು. ಮಕ್ಕಳು ಬಾಯಿ ತೆರೆದು ಕೂತರು. ಅರ್ಧ ಶಬ್ದ ಅವರಿಗೆ ಗೊತ್ತಿಲ್ಲ! ಮೈಸೂರಿಗೆ ಬಂದ ಮೇಲೆ ಮನೆಯಲ್ಲಿ ನಾವೇ ಕನ್ನಡ, ಇಂಗ್ಲಿಷಿಗೆ ಜಾರಿದ್ದೆವು. ತಪ್ಪು ಮಕ್ಕಳದಲ್ಲ.

ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದದ್ದು 2007ರಲ್ಲಿ. ಪುಸ್ತಕಗಳು ಬರುತ್ತಿವೆ, ಸಂತೋಷ. ಆದರೆ ಉಮ್ಮನ ಬಾಯಲ್ಲಿರುವ ಹಾಡನ್ನು ಕೇಳಿ ಬರೆದಿಡಬೇಕಾದವರು ನಾವೇ. ಅಂದು ಸಂಜೆ ದೊಡ್ಡ ಮಗ ಆ ಹಾಡನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡ. ಎರಡು ಕಡೆ ಉಮ್ಮ ತಿದ್ದಿದರು.

ನೀವೂ ಹೋಗಿ ಬನ್ನಿ. ಪಾಣೆಮಂಗಳೂರಿನ ಹಳೆ ಸೇತುವೆಯಾದರೂ ಆದೀತು. ಹೊಳೆ ತುಂಬಿದಾಗ ಮಾತ್ರ ಹತ್ತಿರ ಹೋಗಬೇಡಿ. ಹಿರಿಯರನ್ನು ಕರೆದುಕೊಂಡು ಹೋಗಲು ಮರೆಯಬೇಡಿ.