ನಿಮಗಿದು ಗೊತ್ತೆ? ಕಾದು ಕಾದು ಬೇಸತ್ತಾಗ ಹುಟ್ಟಿದ ಭಾಷೆ!

‘ಗೋ’ ಎಂಬ ಜನಪ್ರಿಯ ಪ್ರೋಗ್ರಾಮಿಂಗ್ ಭಾಷೆಯ ಯೋಚನೆ ಮೊಳೆತದ್ದು ಕಂಪ್ಯೂಟರ್ ಮುಂದೆ ಕೈಕಟ್ಟಿ ಕೂತಿದ್ದಾಗ. ಅದು 2007ರ ಸೆಪ್ಟೆಂಬರ್. ಗೂಗಲ್‌ನ ರಾಬ್ ಪೈಕ್ ಸಿ ಪ್ಲಸ್ ಪ್ಲಸ್‌ನಲ್ಲಿದ್ದ ದೈತ್ಯ ಪ್ರೋಗ್ರಾಂ ಒಂದನ್ನು ಕಂಪೈಲ್ ಮಾಡಲು, ಅಂದರೆ ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ಬದಲಿಸಲು, ಹಾಕಿದ್ದರು. ಹಲವಾರು ಕಂಪ್ಯೂಟರ್‌ಗಳು ಕೆಲಸ ಹಂಚಿಕೊಂಡರೂ ಪ್ರತಿ ಸಲ ಸುಮಾರು 45 ನಿಮಿಷ ಹಿಡಿಯುತ್ತಿತ್ತು! ಪೈಕ್ ಕುರ್ಚಿ ತಿರುಗಿಸಿ ಸಹೋದ್ಯೋಗಿ ರಾಬರ್ಟ್ ಗ್ರೀಸ್ಮರ್ ಜೊತೆ ಮಾತಿಗಿಳಿದರು. ಯುನಿಕ್ಸ್ ಖ್ಯಾತಿಯ ಕೆನ್ ಥಾಂಪ್ಸನ್ ಕೂಡ ಸೇರಿಕೊಂಡರು. ಕಂಪೈಲ್ ಮುಗಿಯುವ ಮುನ್ನವೇ ಏನಾದರೂ ಮಾಡಲೇಬೇಕೆಂದು ಮೂವರೂ ತೀರ್ಮಾನಿಸಿಬಿಟ್ಟಿದ್ದರು.

ಅಷ್ಟು ತಡವೇಕೆ? ಅದೇ ವರ್ಷ ಗೂಗಲ್ ತನ್ನ ಒಂದು ದೊಡ್ಡ ಪ್ರೋಗ್ರಾಮನ್ನು ಅಳೆದು ನೋಡಿತ್ತು. ಸುಮಾರು 2,000 ಕಡತ, ಒಟ್ಟು 4.2 ಮೆಗಾಬೈಟ್. ಆದರೆ ಒಂದು ಕಡತ ಇನ್ನೊಂದನ್ನು, ಅದು ಮತ್ತೊಂದನ್ನು ಎಳೆದು ತರುತ್ತ ಕಂಪೈಲರ್ ಓದಬೇಕಾಗಿ ಬಂದದ್ದು 8 ಗಿಗಾಬೈಟ್‌ಗೂ ಹೆಚ್ಚು. ಮದುವೆಗೆ ಒಬ್ಬರನ್ನು ಕರೆದರೆ ಊರಿಗೂರೇ ಬಂದು ಪಂಕ್ತಿಯಲ್ಲಿ ಕೂತಂತೆ!

‘ಗೋ’ 2009ರ ನವೆಂಬರ್‌ನಲ್ಲಿ ಬಹಿರಂಗವಾಯಿತು. ಇಂಥ ಅನಗತ್ಯ ಹೊರೆ ತಪ್ಪಿಸಲೆಂದೇ, ಪ್ರೋಗ್ರಾಮಿಗೆ ಕರೆಸಿಕೊಂಡ ಪ್ಯಾಕೇಜನ್ನು (ಸಿದ್ಧ ಕೋಡಿನ ಕಟ್ಟನ್ನು) ಬಳಸದೆ ಬಿಟ್ಟರೆ ಅದರ ಕಂಪೈಲರ್ ಬರೀ ಎಚ್ಚರಿಕೆ ಕೊಟ್ಟು ಸುಮ್ಮನಾಗುವುದಿಲ್ಲ, ತಪ್ಪೆಂದು ಕಂಪೈಲ್ ಮಾಡಲೇ ಒಪ್ಪುವುದಿಲ್ಲ. ಕಾಯುವುದೇನೋ ತಪ್ಪಿತು. ಈಗ ಪ್ರೋಗ್ರಾಮರ್‌ಗಳ ಗೊಣಗಾಟವೆಲ್ಲ ಈ ಶಿಸ್ತಿನ ಮೇಲೆ!

ಅಂದಹಾಗೆ, ಕಂಪೈಲ್ ಆಗುತ್ತಿದೆ ಎಂಬ ನೆಪದಲ್ಲಿ ಕಚೇರಿಯಲ್ಲೇ ಕುರ್ಚಿಗಳ ಮೇಲೆ ಕತ್ತಿವರಸೆ ಆಡುವ ಇಬ್ಬರ ಪ್ರಸಿದ್ಧ ‘ಎಕ್ಸ್‌ಕೆಸಿಡಿ’ ವ್ಯಂಗ್ಯಚಿತ್ರ ಬಂದದ್ದೂ 2007ರಲ್ಲೇ.