ಪರದೆಯ ಮೇಲೆ ಚೆಂದ, ಕಾಗದದ ಮೇಲೆ ಮಸಿ!

ಪ್ರಾಜೆಕ್ಟ್ ಸಬ್ಮಿಷನ್ ಹತ್ತಿರ ಬಂತೆಂದರೆ ಚಿಕ್ಕಬಳ್ಳಾಪುರದ ಜೆರಾಕ್ಸ್ ಅಂಗಡಿಗಳಲ್ಲಿ ಜಾತ್ರೆ. ಗೌರಿಬಿದನೂರಿನ ಬಸ್ಸಿಳಿದು ಬಂದವರು, ಚಿಂತಾಮಣಿಯವರು, ಶಿಡ್ಲಘಟ್ಟದಿಂದ ಒಂದೇ ಬೈಕಿನಲ್ಲಿ ಬಂದ ಮೂವರು. ಎಲ್ಲರ ಕೈಯಲ್ಲೂ ಪೆನ್‌ಡ್ರೈವ್, ಎಲ್ಲರಿಗೂ ನಾಳೆಯೇ ಕೊನೆಯ ದಿನ. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ನಾನು ಸಂಜೆ ಹೊತ್ತು ಇಂಥದ್ದೊಂದು ಅಂಗಡಿಯ ಕಂಪ್ಯೂಟರ್ ಮುಂದೆ ಕೂರುತ್ತೇನೆ. ಅಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದು: ‘ಅಣ್ಣಾ, ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗೇ ಇತ್ತಲ್ಲ?’

ಇದ್ದದ್ದು ನಿಜ. ಮ್ಯಾಟ್‌ಲ್ಯಾಬ್, ಆಕ್ಟೇವ್, ಸೈಲ್ಯಾಬ್, ಪೈಥಾನಿನ ಮ್ಯಾಟ್‌ಪ್ಲಾಟ್‌ಲಿಬ್, ಯಾವುದರಲ್ಲಿ ಬರೆದರೂ ಗ್ರಾಫ್ ಮೊದಲು ಕಾಣುವುದು ಪರದೆಯ ಮೇಲೆ. ಹಿಂದಿನಿಂದ ಬೆಳಕು ಬೀಳುವ, ಬೇಕಾದಷ್ಟು ಹಿಗ್ಗಿಸಬಹುದಾದ, ಬಣ್ಣಕ್ಕೆ ಕಾಸು ಕೇಳದ ಪರದೆ ಅದು. ಎಕ್ಸ್‌ಟರ್ನಲ್ ಪರೀಕ್ಷಕರ ಕೈಗೆ ಸಿಗುವುದು ಮಾತ್ರ ಎ4 ಹಾಳೆಯ ಮೇಲಿನ ಕಪ್ಪು-ಬಿಳುಪು ಪ್ರಿಂಟ್. ನಾಲ್ಕು ತಿಂಗಳ ಕೆಲಸವನ್ನು ಅವರು ಅಳೆಯುವುದು ಆ ಹಾಳೆಯಿಂದಲೇ. ಕಲರ್ ಪ್ರಿಂಟ್ ಹಾಕಿಸಬಹುದಲ್ಲ ಎನ್ನಬೇಡಿ. ನಾಲ್ಕು ಜನರ ತಂಡಕ್ಕೆ ಐದು ಪ್ರತಿ, ಪ್ರತಿಯೊಂದರಲ್ಲೂ ಇಪ್ಪತ್ತು ಗ್ರಾಫ್ ಎಂದರೆ ನೂರು ಕಲರ್ ಪುಟ. ಆ ಲೆಕ್ಕ ಕೇಳಿದ ಮೇಲೆ ಬಹುತೇಕರು ಹೇಳುವುದು, ‘ಬ್ಲ್ಯಾಕ್ ಅಂಡ್ ವೈಟೇ ಕೊಡಿ ಅಣ್ಣಾ’.

ಚಿಂತಾಮಣಿ ಕಡೆಯ ತಂಡವೊಂದು ತಂದಿದ್ದ ರಿಪೋರ್ಟ್ ನನಗೆ ಇನ್ನೂ ಮರೆತಿಲ್ಲ. ಕೊಳವೆಬಾವಿ ನೀರಿನ ಫ್ಲೋರೈಡ್ ಅಧ್ಯಯನ ಅದು. ನಮ್ಮ ಜಿಲ್ಲೆಯವರಿಗೆ ಆ ವಿಷಯ ಬಿಡಿಸಿ ಹೇಳಬೇಕಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಮೀರಬಾರದು; ಬೇರೆ ನೀರೇ ಇಲ್ಲದ ಕಡೆ 1.5ರ ತನಕ ಅವಕಾಶ. ಹುಡುಗರು ಊರೂರು ಸುತ್ತಿ ನೀರು ತಂದು, ಪರೀಕ್ಷೆ ಮಾಡಿಸಿ, ಅಂಕಿಗಳನ್ನು ಬಣ್ಣದ ನಕ್ಷೆ ಮಾಡಿದ್ದರು. ಕಡಿಮೆ ಇರುವಲ್ಲಿ ಕಡುನೀಲಿ, ಹೆಚ್ಚಿರುವಲ್ಲಿ ಕಡುಗೆಂಪು, ನಡುವೆ ಹಸಿರು-ಹಳದಿ. ಇದು ‘ಜೆಟ್’ ಎಂಬ ವರ್ಣಪಟ್ಟಿ. ಕಪ್ಪು-ಬಿಳುಪಿನಲ್ಲಿ ಹೊರಬಂದಾಗ ಕಡುನೀಲಿಯೂ ಕಪ್ಪು, ಕಡುಗೆಂಪೂ ಕಪ್ಪು. ಅತ್ಯಂತ ಒಳ್ಳೆಯ ನೀರಿನ ಊರು ಯಾವುದು, ಅತ್ಯಂತ ಕೆಟ್ಟದ್ದು ಯಾವುದು ಎಂದು ಆ ಹಾಳೆಯಲ್ಲಿ ದೇವರಿಗೂ ಗೊತ್ತಾಗುತ್ತಿರಲಿಲ್ಲ. ಅಧ್ಯಯನ ಹೇಳಬೇಕಾಗಿದ್ದ ಮಾತೇ ಮಾಯ.

ಜೆಟ್‌ನ ಈ ದೋಷ ಹೊಸದೇನಲ್ಲ. ಮ್ಯಾಟ್‌ಲ್ಯಾಬ್ 2014ರಲ್ಲೇ ಅದನ್ನು ಬದಿಗಿಟ್ಟು ‘ಪರೂಲಾ’ ತಂದಿತು. ಮ್ಯಾಟ್‌ಪ್ಲಾಟ್‌ಲಿಬ್ 2017ರ 2.0 ಆವೃತ್ತಿಯಿಂದ ‘ವಿರಿಡಿಸ್’ ಬಳಸುತ್ತಿದೆ. ಇವೆರಡರಲ್ಲೂ ಬಣ್ಣ ಕಡುವಿನಿಂದ ತಿಳಿಯತ್ತ ಒಂದೇ ದಿಕ್ಕಿನಲ್ಲಿ ಸಾಗುವುದರಿಂದ ಜೆರಾಕ್ಸ್ ಮಾಡಿದರೂ ಹೆಚ್ಚು-ಕಡಿಮೆಯ ಕ್ರಮ ಉಳಿಯುತ್ತದೆ. ಆದರೆ ನಮ್ಮಲ್ಲಿ ಕೋಡ್ ಬರುವುದು ಸೀನಿಯರ್‌ಗಳಿಂದ, ಅವರಿಗೆ ಅವರ ಸೀನಿಯರ್‌ಗಳಿಂದ. ಅದರ ಜತೆ ಜೆಟ್ ಕೂಡ ಪಿತ್ರಾರ್ಜಿತ ಆಸ್ತಿಯಂತೆ ಬರುತ್ತಲೇ ಇದೆ. ಆ ತಂಡ ಕೋಡಿನಲ್ಲಿ ಒಂದು ಪದ ಬದಲಿಸಿ ಮತ್ತೆ ಪ್ರಿಂಟ್ ತೆಗೆಸಿಕೊಂಡಿತು.

ಗೆರೆಯ ಗ್ರಾಫ್‌ಗಳದ್ದು ಇನ್ನೊಂದು ಕಥೆ. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯ ದರವನ್ನು ಪ್ರಾಜೆಕ್ಟ್‌ಗೆ ಆರಿಸಿಕೊಳ್ಳುವವರು ಇದ್ದಾರೆ. ಗರಿಷ್ಠ ದರಕ್ಕೆ ಕೆಂಪು, ಕನಿಷ್ಠಕ್ಕೆ ಹಸಿರು, ಸರಾಸರಿಗೆ ನೀಲಿ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ‘ಆರ್’ ಎಂದು ಬರೆದರೆ ಬರುವ ಕೆಂಪು, ‘ಜಿ’ ಎಂದರೆ ಬರುವ ಹಸಿರು, ಇವನ್ನು ಬೂದುಬಣ್ಣಕ್ಕೆ ಇಳಿಸುವ ಸಾಮಾನ್ಯ ಸೂತ್ರಕ್ಕೆ ಹಾಕಿ ನೋಡಿ. 0ಯಿಂದ 255ರ ಅಳತೆಯಲ್ಲಿ ಒಂದು 76, ಇನ್ನೊಂದು 75! ರೈತನಿಗೆ ಸಿಕ್ಕ ಅತಿ ಹೆಚ್ಚಿನ ಬೆಲೆಗೂ ಅತಿ ಕಡಿಮೆ ಬೆಲೆಗೂ ಒಂದೇ ಬಣ್ಣ. ಇದಕ್ಕೆ ಮದ್ದು ಬಣ್ಣವಲ್ಲ, ಗೆರೆ. ಒಂದು ಇಡೀ ಗೆರೆ, ಒಂದು ತುಂಡು ಗೆರೆ, ಒಂದು ಚುಕ್ಕಿ ಗೆರೆ. ಸಾಧ್ಯವಾದರೆ ಗೆರೆಯ ತುದಿಯಲ್ಲೇ ಅದರ ಹೆಸರು.

ಗೌರಿಬಿದನೂರಿನ ಗೆಳೆಯರು ಬಂದಾಗ ನಾನು ಅವರ ಊರಿನ ಉದಾಹರಣೆಯನ್ನೇ ಕೊಡುತ್ತೇನೆ. ಅಲ್ಲಿನ ರೇಡಿಯೊ ವೀಕ್ಷಣಾಲಯವನ್ನು ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1970ರ ದಶಕದಲ್ಲಿ ಕಟ್ಟಿದವು. ‘ಟಿ’ ಆಕಾರದ ಆ ದೂರದರ್ಶಕ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಿ, ಅದರ ನಕ್ಷೆ 1990ರಲ್ಲಿ ಪ್ರಕಟವಾಯಿತು. ಬಣ್ಣದ ಮುದ್ರಣ ದುಬಾರಿಯಾಗಿದ್ದ ಆ ಕಾಲದಲ್ಲಿ ಖಗೋಳ ವಿಜ್ಞಾನಿಗಳು ಇಂಥ ನಕ್ಷೆಗಳಿಗೆ ನೆಚ್ಚಿಕೊಂಡಿದ್ದು ಕಾಂಟೂರ್ ಗೆರೆಗಳನ್ನು. ಒಂದೇ ಮೌಲ್ಯದ ಜಾಗಗಳನ್ನು ಸೇರಿಸುವ ಗೆರೆ, ಪಕ್ಕದಲ್ಲಿ ಅಂಕಿ. ಎಷ್ಟು ಸಲ ಜೆರಾಕ್ಸ್ ಮಾಡಿದರೂ ಅದರ ಅರ್ಥ ಅಳಿಸುವುದಿಲ್ಲ. ಫ್ಲೋರೈಡ್ ನಕ್ಷೆಗೂ ಇದು ಸಲ್ಲುತ್ತದೆ. 1.5ರ ಕಾಂಟೂರನ್ನು ದಪ್ಪ ಗೆರೆಯಲ್ಲಿ ಎಳೆದರೆ ಸಾಕು, ಯಾವ ಊರು ಒಳಗೆ, ಯಾವುದು ಹೊರಗೆ ಎಂಬುದು ಕಣ್ಣಿಗೆ ಹೊಡೆಯುತ್ತದೆ.

ಇನ್ನು ಸ್ಕ್ರೀನ್‌ಶಾಟ್. ಗ್ರಾಫಿನ ಸ್ಕ್ರೀನ್‌ಶಾಟ್ ತೆಗೆದು, ವಾಟ್ಸ್‌ಆ್ಯಪ್‌ನಲ್ಲಿ ಗೆಳೆಯನಿಗೆ ಕಳಿಸಿ, ಅವನು ಅದನ್ನು ವರ್ಡ್ ಫೈಲಿಗೆ ಅಂಟಿಸಿ, ಕೊನೆಗೆ ಅಂಗಡಿಗೆ ತರುತ್ತಾರೆ. ಫೋಟೊ ಎಂದು ಕಳಿಸಿದ್ದನ್ನು ವಾಟ್ಸ್‌ಆ್ಯಪ್ ಹಿಂಡಿ ಚಿಕ್ಕದು ಮಾಡುತ್ತದೆ. ಅಕ್ಷರಗಳ ಸುತ್ತ ಕೊಳೆ ಹಿಡಿದಂತೆ ಮಚ್ಚೆ ಕಾಣುವುದು ಅದರಿಂದ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಎಂದು ಕಳಿಸಿ. ಅದಕ್ಕಿಂತ ಒಳ್ಳೆಯದು, ಚಿತ್ರವನ್ನು ತಂತ್ರಾಂಶದಿಂದಲೇ ಆದೇಶ ಕೊಟ್ಟು ಹೊರತೆಗೆಯುವುದು. ಪೈಥಾನಿನಲ್ಲಿ ಅದು ‘ಸೇವ್‌ಫಿಗ್’, ಆಕ್ಟೇವ್‌ನಲ್ಲಿ ‘ಪ್ರಿಂಟ್’, ಮ್ಯಾಟ್‌ಲ್ಯಾಬ್‌ನಲ್ಲಿ 2020ರಿಂದ ‘ಎಕ್ಸ್‌ಪೋರ್ಟ್‌ಗ್ರಾಫಿಕ್ಸ್’. ಮ್ಯಾಟ್‌ಲ್ಯಾಬ್‌ನ ಹಳೆಯ ‘ಪ್ರಿಂಟ್’ ಆದೇಶದಿಂದ ಪಿಡಿಎಫ್ ಮಾಡಿದರೆ ಇಡೀ ಪುಟದ ನಡುವೆ ಚಿತ್ರ ಕೂತು ಸುತ್ತಲೂ ಬಯಲು ಬಿದ್ದಿರುತ್ತದೆ. ಹೊಸದು ಆ ಬಯಲನ್ನು ತಾನೇ ಕತ್ತರಿಸುತ್ತದೆ. ಪೈಥಾನಿನವರಿಗೆ ಒಂದು ಕಿವಿಮಾತು: ‘ಶೋ’ ಆದ ಮೇಲೆ ‘ಸೇವ್‌ಫಿಗ್’ ಬರೆದರೆ ಸಾಮಾನ್ಯವಾಗಿ ಸಿಗುವುದು ಖಾಲಿ ಬಿಳಿ ಚಿತ್ರ. ಮೊದಲು ಉಳಿಸಿ, ಆಮೇಲೆ ತೋರಿಸಿ.

ಪಿಡಿಎಫ್, ಎಸ್‌ವಿಜಿಯಲ್ಲಿ ಗೆರೆ ಗೆರೆಯಾಗಿಯೇ ಉಳಿಯುವುದರಿಂದ ಎಷ್ಟು ಹಿಗ್ಗಿಸಿದರೂ ಚೂಪು ಹೋಗುವುದಿಲ್ಲ. ವರ್ಡ್‌ನಲ್ಲಿ ಬರೆಯುವವರಿಗೆ ಪಿಎನ್‌ಜಿ ಸುಲಭ, ಆದರೆ 300 ಡಿಪಿಐ ಇರಲಿ. ಗ್ರಾಫಿಗೆ ಜೆಪಿಇಜಿ ಬೇಡವೇ ಬೇಡ; ಅದು ಮದುವೆ ಫೋಟೊಗಳಿಗೆ ಸರಿ. ಹಾಗೆಂದು ಪಿಡಿಎಫ್ ಎಲ್ಲ ರೋಗಕ್ಕೂ ಔಷಧಿಯಲ್ಲ. ಲಕ್ಷಾಂತರ ಚುಕ್ಕಿಗಳಿದ್ದ ಪಿಡಿಎಫ್ ಒಂದು ನಮ್ಮ ಅಂಗಡಿಯ ಪ್ರಿಂಟರನ್ನು ಬಹಳ ಹೊತ್ತು ಕಲ್ಲಿನಂತೆ ನಿಲ್ಲಿಸಿತ್ತು. ಹಿಂದೆ ಸಾಲಿನಲ್ಲಿದ್ದವರ ಮುಖ ನೋಡಬೇಕಿತ್ತು. ಅಂಥದ್ದಕ್ಕೆ ಪಿಎನ್‌ಜಿಯೇ ಸರಿ.

ಅಳತೆಯದ್ದು ಎಲ್ಲಕ್ಕಿಂತ ದೊಡ್ಡ ಸಮಸ್ಯೆ, ಯಾರೂ ಗಮನಿಸದ್ದೂ ಅದೇ. ಪರದೆ ತುಂಬ ಹಿಗ್ಗಿಸಿದ, 12 ಇಂಚು ಅಗಲದ ಚಿತ್ರದಲ್ಲಿ 10 ಪಾಯಿಂಟ್ ಅಕ್ಷರ ಇಟ್ಟು, ಆಮೇಲೆ ವರ್ಡ್‌ನಲ್ಲಿ 6 ಇಂಚಿಗೆ ಎಳೆದರೆ ಅಕ್ಷರವೂ 5 ಪಾಯಿಂಟ್ ಆಗುತ್ತದೆ. ಅಂಚು ಬಿಟ್ಟರೆ ಎ4 ಹಾಳೆಯಲ್ಲಿ ಉಳಿಯುವುದೇ ಸುಮಾರು 6 ಇಂಚು. ಮೊದಲೇ 6 ಇಂಚು ಅಗಲ, 4 ಇಂಚು ಎತ್ತರ ಎಂದು ಕೋಡಿನಲ್ಲಿ ಹೇಳಿ, ವರ್ಡ್‌ನಲ್ಲಿ ಮೂಲೆ ಹಿಡಿದು ಎಳೆಯದಿದ್ದರೆ 10 ಪಾಯಿಂಟ್ 10 ಪಾಯಿಂಟಾಗಿಯೇ ಬರುತ್ತದೆ.

ಕನ್ನಡದಲ್ಲಿ ಪ್ರಾಜೆಕ್ಟ್ ಬರೆಯುವವರ ಪಾಡು ಬೇರೆ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ‘ಶಿಡ್ಲಘಟ್ಟ’ ಎಂದು ಬರೆದರೆ ಮೊದಲು ಬರುವುದು ಖಾಲಿ ಚೌಕಗಳು, ಏಕೆಂದರೆ ಅದರ ಮೂಲ ಅಕ್ಷರವಿನ್ಯಾಸದಲ್ಲಿ ಕನ್ನಡ ಇಲ್ಲ. ನೋಟೊ ಸಾನ್ಸ್ ಕನ್ನಡ ಹಾಕಿದರೆ ಅಕ್ಷರ ಬರುತ್ತದೆ, ಒತ್ತಕ್ಷರ ಒಡೆದು ಬರುತ್ತದೆ. ನಾವು ಕಂಡುಕೊಂಡ ದಾರಿ ಇಷ್ಟು: ಅಕ್ಷರಗಳನ್ನು ಚಿತ್ರ ಮಾಡದೆ ಅಕ್ಷರವಾಗಿಯೇ ಉಳಿಸುವಂತೆ ಹೇಳಿ ಎಸ್‌ವಿಜಿ ಮಾಡಿಕೊಳ್ಳುವುದು, ಅದನ್ನು ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ತೆರೆಯುವುದು. ಅಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಅಲ್ಲಿಂದ ಪಿಡಿಎಫ್.

ಈ ಬಾರಿ ಗೌರಿಬಿದನೂರಿನ ಹುಡುಗಿಯೊಬ್ಬಳು ಹಿಂದಿನ ರಾತ್ರಿ ಬಂದಿದ್ದಳು. ಗೈಡ್ ಕೊನೆಗಳಿಗೆಯಲ್ಲಿ, ‘ಎಲ್ಲ ಗ್ರಾಫಿನಲ್ಲೂ ವೈ ಅಕ್ಷ ಸೊನ್ನೆಯಿಂದ ಶುರುವಾಗಲಿ’ ಎಂದಿದ್ದರಂತೆ. ಒಟ್ಟು 22 ಗ್ರಾಫ್. ಅವಳ ಪಕ್ಕದಲ್ಲಿದ್ದ ಇನ್ನೊಂದು ತಂಡ ಇಂಥದ್ದೇ ತಿದ್ದುಪಡಿಗೆ ಮೌಸ್ ಹಿಡಿದು ಒಂದೊಂದನ್ನೇ ಸರಿಪಡಿಸುತ್ತ ಬೆವರುತ್ತಿತ್ತು. ಇವಳು ಗ್ರಾಫುಗಳನ್ನೆಲ್ಲ ಒಂದೇ ಕೋಡ್ ಫೈಲಿನಿಂದ ತೆಗೆಯುವಂತೆ ಬರೆದಿಟ್ಟಿದ್ದಳು. ಒಂದು ಸಾಲು ಸೇರಿಸಿ ಓಡಿಸಿದಳು. ನಾನು ಪಕ್ಕದ ಅಂಗಡಿಯಿಂದ ಟೀ ತರುವಷ್ಟರಲ್ಲಿ 22 ಪಿಡಿಎಫ್ ಪೆನ್‌ಡ್ರೈವ್‌ನಲ್ಲಿದ್ದವು, ಅವಳು ಬೈಂಡಿಂಗ್‌ಗೆ ಯಾವ ಬಣ್ಣದ ರಟ್ಟು ಇದೆ ಎಂದು ನೋಡುತ್ತಿದ್ದಳು.